ನಗಬೇಡಿಯ ಮೀಸೆ

ನಗಬೇಡಿಗೆ ಮೀಸೆ ಬಂದದ್ದು ಪರದೇಶದ ಒಂದು ಹೋಟೆಲಿನಲ್ಲಿ, ಬೆಳಗಿನ ಏಳೂವರೆ ಗಂಟೆಗೆ. ಮುಖದ ಮೇಲಲ್ಲ, ಪಾಸ್‌ಪೋರ್ಟಿನಲ್ಲಿ.

ಅವನ ನಿಜವಾದ ಹೆಸರು ಬೇರೆ. ಇಪ್ಪತ್ತೆರಡು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಸ್ಟೂಲಿನ ಮೇಲೆ ಬಂದು ಕೂತವರಿಗೆಲ್ಲ "ಗದ್ದ ಕೆಳಗೆ, ಕಣ್ಣು ಇಲ್ಲಿ, ನಗಬೇಡಿ" ಎಂದು ಹೇಳುತ್ತ ಬಂದದ್ದರಿಂದ ಊರಿನವರು ಅವನನ್ನು ಆ ಕೊನೆಯ ಮಾತಿನಿಂದಲೇ ಕರೆಯುತ್ತಿದ್ದರು. ಅವನ ಕ್ಯಾಮರಾದ ಮುಂದೆ ಮದುವೆ ಗೊತ್ತಾದ ಹುಡುಗಿ ಕೂಡ ಹಲ್ಲು ಕೀಳಿಸಿಕೊಳ್ಳಲು ಬಂದವಳಂತೆ ಕಾಣುತ್ತಿದ್ದಳು. ಸರಕಾರದವರು ನೋಡುವ ಕಾಗದದಲ್ಲಿ ನಗುವಿಗೆ ಜಾಗವಿಲ್ಲ ಎನ್ನುವುದು ಅವನ ನಂಬಿಕೆ. ತನ್ನ ಪಾಸ್‌ಪೋರ್ಟಿನ ಫೋಟೋವನ್ನು ತಾನೇ ತೆಗೆದುಕೊಂಡಿದ್ದ. ನುಣ್ಣಗೆ ಬೋಳಿಸಿದ ಮುಖ, ಬಿಗಿದ ತುಟಿ. ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ಹಾಗೆ ಎಲ್ಲೂ ಒಂದು ಸುಕ್ಕಿಲ್ಲ.

ಆ ಮುಖಕ್ಕೆ ಅವನ ಐದು ವರ್ಷದ ಮಗಳು ಕಪ್ಪು ಸ್ಕೆಚ್ ಪೆನ್ನಿನಿಂದ ಮೀಸೆ ಬರೆದಿದ್ದಳು. ಒಂದು ಕಡೆಯದು ಮೂಗಿನ ಕೆಳಗಿಂದ ಹೊರಟು, ಕೆನ್ನೆ ದಾಟಿ, ಕಿವಿಯ ಹತ್ತಿರ ಹೋಗಿ ಬಸವನಹುಳುವಿನ ಬೆನ್ನಿನಂತೆ ಸುತ್ತಿಕೊಂಡಿತ್ತು. ಇನ್ನೊಂದು ಕಡೆಯದನ್ನು ಶುರು ಮಾಡುವ ಹೊತ್ತಿಗೆ ಅಮ್ಮ ಹಲ್ಲುಜ್ಜಲು ಕರೆದದ್ದರಿಂದ ಅದು ಚೋಟುದ್ದಕ್ಕೇ ನಿಂತುಬಿಟ್ಟಿತ್ತು.

"ಯಾಕೆ ಮರಿ ಹೀಗೆ ಮಾಡ್ದೆ?" ಎಂದು ನಗಬೇಡಿ ಕೇಳಿದ. ದನಿ ಏರಿಸುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಒಳಗಿರೋ ಅಪ್ಪ ತುಂಬ ಸಪ್ಪಗಿದ್ದ," ಎಂದಳು ಮಗಳು.

ಅದು ಮೂರು ದಿನದ ಪ್ರವಾಸದ ಕೊನೆಯ ದಿನ. ಸಂಜೆ ಏಳಕ್ಕೆ ವಿಮಾನ. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಊರಿನ ದೊಡ್ಡ ಶಾಲೆಯಲ್ಲಿ ನಾನೂರು ಮಕ್ಕಳು ಪರೀಕ್ಷೆಯ ಪ್ರವೇಶಪತ್ರದ ಫೋಟೋಕ್ಕಾಗಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಾಲಾಗಿ ನಿಲ್ಲುವವರಿದ್ದರು. ಆ ಕೆಲಸ ಸ್ಟುಡಿಯೋಕ್ಕೆ ಸಿಗಲಿ ಎಂದು ನಗಬೇಡಿ ಮೂರು ವರ್ಷ ಹೆಡ್‌ಮೇಡಮ್ಮಿನ ಮನೆಯ ಎಲ್ಲ ಸಮಾರಂಭಗಳಿಗೂ ಕರೆಯದೆ ಹೋಗಿ ಫೋಟೋ ತೆಗೆದುಕೊಟ್ಟಿದ್ದ. ಇಂಥ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಪರದೇಶದ ಪಟ್ಟಣ ನೋಡುವ ಯೋಚನೆ ಅವನದಾಗಿರಲಿಲ್ಲ, ಹೆಂಡತಿಯ ಅಣ್ಣನದು.

ಪಟ್ಟಣವನ್ನಾದರೂ ನೋಡಿದ್ದರೋ ಎಂದರೆ, ಇಲ್ಲ. ಮೊದಲನೆಯ ದಿನ ಎರಡೂವರೆ ವರ್ಷದ ಮಗ ವಸ್ತುಸಂಗ್ರಹಾಲಯದ ಮೂರೂ ಅಂತಸ್ತುಗಳಲ್ಲಿ ತಳ್ಳುಗಾಡಿಯಲ್ಲಿ ಗೊರಕೆ ಹೊಡೆದು, ಹೊರಗೆ ಬರುವ ಲಿಫ್ಟಿನಲ್ಲಿ ಕಣ್ಣುಬಿಟ್ಟಿದ್ದ. ಆ ಲಿಫ್ಟಿನಲ್ಲಿ ಒಂಬತ್ತು ಸಲ ಮೇಲೆ ಕೆಳಗೆ ಹೋಗಿಬಂದದ್ದೇ ಅವತ್ತಿನ ಪ್ರವಾಸ. ಎರಡನೆಯ ದಿನ ಮಗಳು ಚೌಕದ ಪಾರಿವಾಳಗಳನ್ನು ಬಿಟ್ಟು ಬರಲೊಪ್ಪದೆ ನೆಲಕ್ಕೆ ಅಂಗಾತ ಮಲಗಿಬಿಟ್ಟಿದ್ದಳು. ಎತ್ತರದ ಗೋಪುರ, ನದಿಯ ದೋಣಿವಿಹಾರ ಎಲ್ಲ ಮೂರನೆಯ ದಿನಕ್ಕೆ ಉಳಿದಿದ್ದವು. ಹೆಂಡತಿ ದೋಣಿಗೆಂದು ಹೊಸ ಟೊಪ್ಪಿಯನ್ನೂ ಕೊಂಡು, ಅದರ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ.

ನಗಬೇಡಿ ಹೆಬ್ಬೆರಳಿನಿಂದ ಮೀಸೆಯನ್ನು ತಿಕ್ಕಿ ನೋಡಿದ. ರಾತ್ರಿಯೆಲ್ಲ ಒಣಗಿದ ಬಣ್ಣದ ಹಾಗೆ ಅದು ಗಟ್ಟಿಯಾಗಿ ಕೂತಿತ್ತು. ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಇನ್ನೊಮ್ಮೆ ಇಳಿಸುವಷ್ಟರಲ್ಲಿ ಯಾರೋ ಅವನ ಮಣಿಕಟ್ಟನ್ನು ಹಿಡಿದುಕೊಂಡರು.

"ಕೈ ಹಚ್ಚಬೇಡಿ," ಎಂದರು ಭಾವ.

ಹೆಂಡತಿಯ ಅಣ್ಣನಾದ ಈ ಭಾವ ಒಂದು ಸರಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಇನಿಷಿಯಲ್ಲಿನ ಪಕ್ಕ ಚುಕ್ಕೆಯಿಲ್ಲವೆಂದು ಸ್ವಂತ ಮಾವನ ಅರ್ಜಿಯನ್ನೇ ಎರಡು ಸಲ ವಾಪಸು ಕಳಿಸಿದ ಮನುಷ್ಯ. ಎಲ್ಲರೂ ಪೆಟ್ಟಿಗೆ ಕಟ್ಟಿದ್ದಾರೋ ಇಲ್ಲವೋ ಎಂದು ನೋಡಿಹೋಗಲು ತಮ್ಮ ಹೆಂಡತಿಯ ಜೊತೆ ಪಕ್ಕದ ಕೋಣೆಯಿಂದ ಬಂದಿದ್ದರು. ಪಾಸ್‌ಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಅದರ ಮೇಲೆ ನಿಧಾನವಾಗಿ ತಲೆಯಾಡಿಸಿದರು.

ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹೋದೀತೇನೋ ಎಂದು ನಗಬೇಡಿ ಗೊಣಗಿದ.

"ಮಗು ಬರೆದದ್ದು ಅಪಘಾತ. ನೀವು ಒರೆಸಿದ್ರೆ ಅದು ತಿದ್ದುಪಡಿ," ಎಂದರು ಭಾವ. "ದಾಖಲೆ ತಿದ್ದಿದವರ ಗತಿ ಏನಾಗುತ್ತೆ ಅಂತ ನನ್ನ ಸರ್ವಿಸ್ಸಿನಲ್ಲಿ ನಾನು ಕಣ್ಣಾರೆ ನೋಡಿದ್ದೀನಿ. ಒರೆಸಿದ ಗುರುತು ಒಂದು ಕೂದಲೆಳೆಯಷ್ಟು ಉಳಿದ್ರೂ ಸಾಕು, ಒಳಗೆ ಹಾಕ್ತಾರೆ. ಅದೂ ಪರದೇಶದ ಜೈಲು. ಊಟ ಹೇಗಿರುತ್ತೋ."

ಜೈಲಿನ ಮಾತು ಕೇಳಿದ ಕೂಡಲೆ ನಗಬೇಡಿಯ ಹೆಂಡತಿ ಪಾಸ್‌ಪೋರ್ಟನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ನಮ್ಮ ದೇಶದ ರಾಯಭಾರ ಕಚೇರಿಗಾದರೂ ಫೋನು ಮಾಡಿ ಕೇಳೋಣವೆಂದು ಅವಳೇ ಸಲಹೆ ಕೊಟ್ಟಳು. ಫೋನು ಮಾಡಿದರೆ ಯಂತ್ರವೊಂದು ಮಾತಾಡಿ, ಕಚೇರಿಗೆ ಎರಡು ದಿನ ರಜೆ ಎಂದು ಹೇಳಿ, ಕರೆ ಮಾಡಿದ್ದಕ್ಕೆ ವಂದನೆಯನ್ನೂ ತಿಳಿಸಿತು.

ಭಾವ ಮಂಚದ ಅಂಚಿಗೆ ಕೂತು ಕಣ್ಣು ಮುಚ್ಚಿದರು. ಕಚೇರಿಯಲ್ಲಿ ಅವರು ಹಾಗೆ ಕಣ್ಣು ಮುಚ್ಚಿದರೆ ಯಾವುದೋ ಒಂದು ಕಡತ ನಡೆದೀತು ಎಂದು ಅರ್ಥ. ಐದು ನಿಮಿಷದ ಮೇಲೆ ಕಣ್ಣು ತೆರೆದರು.

"ಫೋಟೋನ ಮುಖಕ್ಕೆ ಹೊಂದಿಸೋ ಹಾಗಿಲ್ಲ, ಸರಿ. ಆದ್ರೆ ಮುಖಾನ ಫೋಟೋಗೆ ಹೊಂದಿಸಬಾರದು ಅಂತ ಯಾವ ಕಾಯಿದೇಲೂ ಬರೆದಿಲ್ಲ. ಗಂಡಸು ಮೀಸೆ ಬಿಡೋದು ಎಲ್ಲಾದ್ರೂ ಅಪರಾಧವಾ?"

ಸಂಜೆಯೊಳಗೆ ಮೀಸೆ ಬೆಳೆಯುವುದು ಹೇಗೆ ಎಂದು ನಗಬೇಡಿ ಕೇಳಿದ. ಬೆಳೆಸುವುದಲ್ಲ, ಕೊಳ್ಳುವುದು ಎಂದು ಭಾವ ವಿವರಿಸಿದರು. ಭಾವನ ಹೆಂಡತಿ, ಮನೆಯವರೆಲ್ಲರ ಬಾಯಲ್ಲಿ ಅತ್ತಿಗೆ, ಅದು ಬಹಳ ಒಳ್ಳೆಯ ಯೋಚನೆ ಎಂದು ಒಪ್ಪಿಕೊಂಡರು. ಮೂವತ್ತು ವರ್ಷದಿಂದ ಅವರು ಒಪ್ಪಿಕೊಳ್ಳುತ್ತಲೇ ಬಂದಿದ್ದರು, ಅದರಿಂದ ಮನೆಯಲ್ಲಿ ಶಾಂತಿಯಿತ್ತು.

ಆಮೇಲೆ ಉದ್ದದ ಭಾಗ ಎಡಕ್ಕೋ ಬಲಕ್ಕೋ ಎಂಬ ಚರ್ಚೆ ಎದ್ದಿತು. ಭಾವ ಫೋಟೋದ ಎಡವೇ ಎಡ ಎಂದರು. ಫೋಟೋದಲ್ಲಿ ಎಡಕ್ಕಿರುವುದು ಕೂತವನ ಬಲ ಎಂದು ನಗಬೇಡಿ ಹೇಳಿದ. ಆ ದಿನ ಅವನು ಗೆದ್ದ ವಾದ ಅದೊಂದೇ.

ಕೆಳಗೆ ರಿಸೆಪ್ಷನ್ನಿನ ಹುಡುಗಿಗೆ ಮೀಸೆ ಎನ್ನುವುದನ್ನು ತಿಳಿಸಲು ಇಪ್ಪತ್ತು ನಿಮಿಷ ಬೇಕಾಯಿತು. ನಗಬೇಡಿ ಮೂಗಿನ ಕೆಳಗೆ ಬೆರಳಾಡಿಸಿ ತೋರಿಸಿದ. ಅವಳು ಕ್ಷೌರದ ಬ್ಲೇಡು ಕೊಟ್ಟಳು. ತಲೆಯಾಡಿಸಿದ. ಕರವಸ್ತ್ರದಂಥ ಕಾಗದ ಕೊಟ್ಟಳು. ಮತ್ತೆ ತಲೆಯಾಡಿಸಿದ. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರು ಬಂದ. ದಪ್ಪ ಮೀಸೆಯವನು. ನಗಬೇಡಿ ಹಿಗ್ಗಿನಿಂದ ಅವನ ಮೀಸೆಯತ್ತ ಬೆರಳು ಚಾಚಿ, ಅದು ತನಗೆ ಬೇಕು ಎಂದು ಎದೆ ಮುಟ್ಟಿಕೊಂಡ. ಮ್ಯಾನೇಜರು ಮೀಸೆಯ ಮೇಲೆ ಅಂಗೈ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಮಗಳು ರಿಸೆಪ್ಷನ್ನಿನ ಚೀಟಿಯ ಮೇಲೆ ಒಂದು ಚಿತ್ರ ಬರೆದುಕೊಟ್ಟಳು. ಹುಡುಗಿಗೆ ತಕ್ಷಣ ಅರ್ಥವಾಗಿ, ನಾಟಕದ ವೇಷಭೂಷಣ ಮಾರುವ ಅಂಗಡಿಯೊಂದರ ದಾರಿಯನ್ನು ನಕ್ಷೆಯಲ್ಲಿ ಗುರುತು ಹಾಕಿಕೊಟ್ಟಳು.

ಹೀಗೆ ಗೋಪುರ ನೋಡಬೇಕಾದ ಬೆಳಿಗ್ಗೆ ಅವರೆಲ್ಲ ನಾಲ್ಕು ಬೀದಿ ದಾಟಿ ಮೀಸೆಯಂಗಡಿಗೆ ಹೋದರು. ದಾರಿಯಲ್ಲಿ ಗೋಪುರದ ತುದಿ ಮನೆಗಳ ಮೇಲಿಂದ ಒಂದು ಸಲ ಇಣುಕಿತು. ಹೆಂಡತಿ ಅದನ್ನು ನೋಡಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದದ್ದು ನಗಬೇಡಿಯ ಬೆನ್ನಿಗೆ ಬಿಸಿಲಿನ ಹಾಗೆ ತಾಗುತ್ತಿತ್ತು.

ಅಂಗಡಿಯಲ್ಲಿ ಮೀಸೆಗಳು ಒಣಗಲು ಹಾಕಿದ ಮೀನಿನ ಹಾಗೆ ಸಾಲಾಗಿ ತೂಗುತ್ತಿದ್ದವು. ಸೇನಾಪತಿಯ ಮೀಸೆ, ಖಳನಾಯಕನ ಮೀಸೆ, ಅಜ್ಜನ ಬಿಳಿ ಮೀಸೆ. ಎರಡೂ ಕಡೆ ಕಿವಿಯವರೆಗೆ ಹೋಗಿ ಸುರುಳಿ ಸುತ್ತಿದ ಒಂದನ್ನು ಭಾವ ಆರಿಸಿದರು. ಹಿಂದುಗಡೆ ಅಂಟು ಪಟ್ಟಿಯಿತ್ತು. ಅಂಗಡಿಯವಳು ಅದನ್ನು ನಗಬೇಡಿಗೆ ಅಂಟಿಸಿ ಕನ್ನಡಿ ಹಿಡಿದಳು. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಮುಖ ನೋಡುತ್ತ ಬಂದವನು ತನ್ನ ಮುಖವನ್ನು ನೋಡಿ ಗುರುತು ಹಿಡಿಯಲಾರದೆ ಒಂದು ಗಳಿಗೆ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ.

ಮಗಳಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಪಾಸ್‌ಪೋರ್ಟನ್ನು ತೆರೆದು ಹೋಲಿಸಿ, ಈ ಕಡೆಯದು ಜಾಸ್ತಿಯಾಯಿತು ಎಂದಳು. ಬರೆದವಳು ಅವಳೇ ಆದ್ದರಿಂದ ಅವಳ ಮಾತಿಗೆ ಎದುರಾಡುವಂತಿರಲಿಲ್ಲ. ಒಂದು ಕಡೆ ಕತ್ತರಿಸಲೇಬೇಕಾಯಿತು. ಅಂಗಡಿಯವಳು ಎದುರಿನ ಕ್ಷೌರದಂಗಡಿಯನ್ನು ತೋರಿಸಿದಳು.

ಕ್ಷೌರಿಕ ವಯಸ್ಸಾದವನು, ತನ್ನ ಕೆಲಸದ ಬಗ್ಗೆ ಅಭಿಮಾನವಿದ್ದವನು. ಕುರ್ಚಿಯಲ್ಲಿ ಕೂತ ಗಿರಾಕಿ ಸುಳ್ಳು ಮೀಸೆಯೊಂದಿಗೆ ಬಂದದ್ದನ್ನು ಅವನು ಸಹಿಸಿಕೊಂಡ. ಎಡಗಡೆಯನ್ನು ಚೋಟುದ್ದ ಬಿಟ್ಟು ಕತ್ತರಿಸು ಎಂದು ಕೈಸನ್ನೆ ಮಾಡಿದಾಗ ನಿಟ್ಟುಸಿರಿಟ್ಟು ಹಾಗೇ ಮಾಡಿದ. ಆದರೆ ಬಲಗಡೆಯನ್ನು ಮುಟ್ಟಕೂಡದು ಎಂದದ್ದು ಅವನ ಸಹನೆಗೆ ಮೀರಿತು. ನಲವತ್ತು ವರ್ಷದ ಕಸುಬು ಅವನ ಕೈಯನ್ನು ತಾನೇ ತಾನಾಗಿ ಆ ಕಡೆಗೆ ಎಳೆಯುತ್ತಿತ್ತು. ಅವನು ಕತ್ತರಿ ಹಿಡಿದು ಬಾಗುವುದು, ನಗಬೇಡಿ ಬಲಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಳ್ಳುವುದು. ಅವನು ಈ ಕಡೆಯಿಂದ ಬಂದರೆ ಇವನು ಆ ಕಡೆಗೆ ಕುರ್ಚಿ ತಿರುಗಿಸುವುದು. ಮೂರು ಸುತ್ತಾಯಿತು. ಮಗಳು ಪಾಸ್‌ಪೋರ್ಟನ್ನು ಎತ್ತಿ ಹಿಡಿದುಕೊಂಡು ಕುರ್ಚಿಯ ಸುತ್ತ ಓಡಾಡಿದಳು. ಕೊನೆಗೆ ಭಾವ ನಡುವೆ ನಿಂತು, ಕಚೇರಿಯಲ್ಲಿ ಅರ್ಜಿದಾರರಿಗೆ ತೋರಿಸುವಂತೆ ಕೈ ಎತ್ತಿ ಹಿಡಿದ ಮೇಲೆ ಕ್ಷೌರಿಕ ಕತ್ತರಿಯನ್ನು ಕೆಳಗಿಟ್ಟ. ಅವನು ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಈ ಕೆಲಸ ತನ್ನದೆಂದು ಯಾರಿಗೂ ಹೇಳಬೇಡಿ ಎನ್ನುವಂತೆ ಬೆರಳನ್ನು ತುಟಿಗಿಟ್ಟುಕೊಂಡು ಬಾಗಿಲು ಹಾಕಿಕೊಂಡ.

ಇಷ್ಟು ಹೊತ್ತು ತಳ್ಳುಗಾಡಿಯಲ್ಲಿ ನಿದ್ದೆ ಮಾಡುತ್ತಿದ್ದ ಮಗ ಆಗ ಎದ್ದ. ನಗಬೇಡಿ ಪ್ರೀತಿಯಿಂದ ಎತ್ತಿಕೊಂಡ. ಮಗು ಅವನ ಮುಖ ನೋಡಿತು. ಮೊದಲು ಉಸಿರೇ ನಿಂತಂತಾಯಿತು, ಆಮೇಲೆ ಇಡೀ ಬೀದಿಗೆ ಕೇಳುವಂತೆ ಕಿರುಚಿಕೊಂಡಿತು.

"ಅಪ್ಪ ಬೇಕು. ಅಪ್ಪನ ಹತ್ರ ಹೋಗ್ಬೇಕು."

ನಾನೇ ಕಣೋ ಅಪ್ಪ ಎಂದು ನಗಬೇಡಿ ಎಷ್ಟು ಹೇಳಿದರೂ ಅದು ಕೇಳಲಿಲ್ಲ. ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಅವನ ಎದೆಗೆ ಒದ್ದು, ಹೋಗುವವರ ಕಡೆಗೆಲ್ಲ ಕೈ ಚಾಚಿತು. ಹೆಂಡತಿ, ಅತ್ತಿಗೆ ಇಬ್ಬರೂ ಮಗಳನ್ನು ಕರೆದುಕೊಂಡು ಬ್ರೆಡ್ಡು ಕೊಳ್ಳಲು ಮೂಲೆಯಂಗಡಿಗೆ ಹೋಗಿದ್ದರು. ಭಾವ ಇದ್ದರು, ಆದರೆ ಜನ ತಿರುಗಿ ನೋಡಲು ಶುರುಮಾಡಿದೊಡನೆ ಅವರು ನಕ್ಷೆಯನ್ನು ಬಿಡಿಸಿ ಮುಖದ ಮುಂದೆ ಹಿಡಿದುಕೊಂಡರು. ಒಂದು ಕಡೆ ಮಾತ್ರ ಮೀಸೆಯಿರುವ ಪರದೇಶಿಯೊಬ್ಬ, ಕಿರುಚುವ ಮಗುವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ನೋಡಿದವರು ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು. ಹಾಲಿನ ಡಬ್ಬ ಹಿಡಿದ ಮುದುಕಿಯೊಬ್ಬಳು ಅವನ ತೋಳು ಹಿಡಿದಳು. ಸೈಕಲ್ಲಿನವನು ದಾರಿಗೆ ಅಡ್ಡ ನಿಂತ. ಎರಡು ನಿಮಿಷದಲ್ಲಿ ಒಬ್ಬ ಮಹಿಳಾ ಪೊಲೀಸು ಬಂದು ಕೈ ಚಾಚಿ ಪಾಸ್‌ಪೋರ್ಟ್ ಕೇಳಿದಳು.

ನಗಬೇಡಿ ಜೇಬು ತಡಕಿದ, ಪಾಸ್‌ಪೋರ್ಟು ಮಗಳ ಕೈಯಲ್ಲೇ ಹೋಗಿತ್ತು. ಅಷ್ಟರಲ್ಲಿ ಹೆಂಡತಿ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡೇ ಓಡಿ ಬಂದಳು. ಮಗಳು ಪಾಸ್‌ಪೋರ್ಟನ್ನು ತೆರೆದೇ ಹಿಡಿದಿದ್ದವಳು ಅದನ್ನು ಪೊಲೀಸಿನ ಕೈಗಿತ್ತಳು.

ಪೊಲೀಸಮ್ಮ ಫೋಟೋ ನೋಡಿದಳು. ನಗಬೇಡಿಯ ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು. "ನಾನು ಬರೆದದ್ದು," ಎಂದು ಮಗಳು ಕನ್ನಡದಲ್ಲೇ ಹೇಳಿ ತನ್ನ ಎದೆ ಮುಟ್ಟಿಕೊಂಡಳು. ಪೊಲೀಸಮ್ಮ ಕೆಳತುಟಿ ಕಚ್ಚಿಕೊಂಡು ಥಟ್ಟನೆ ಗೋಡೆಯ ಕಡೆಗೆ ತಿರುಗಿದಳು. ಅವಳ ಭುಜಗಳು ನಾಲ್ಕೈದು ಸಲ ಕುಲುಕಿದವು. ಈ ಕಡೆ ತಿರುಗಿದಾಗ ಕಣ್ಣಲ್ಲಿ ನೀರಿತ್ತು. ಪಾಸ್‌ಪೋರ್ಟನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟು, ಮಗುವಿನ ಕೆನ್ನೆ ತಟ್ಟಿ, ಜನರನ್ನು ಚದುರಿಸಿ ಹೊರಟುಹೋದಳು.

ಭಾವ ನಕ್ಷೆಯನ್ನು ಮಡಚಿದರು. "ಪಾಪ, ಕೆಮ್ಮು," ಎಂದರು. "ಆದ್ರೆ ನೋಡಿದ್ರಾ? ಫೋಟೋಗೂ ಮುಖಕ್ಕೂ ತಾಳೆ ಆಯ್ತು, ಬಿಟ್ಟು ಹೋದ್ಲು. ಇದನ್ನೇ ನಾನು ಬೆಳಿಗ್ಗೆಯಿಂದ ಹೇಳ್ತಿರೋದು."

ಪೊಲೀಸೇ ಒಪ್ಪಿದ ಮೇಲೆ ಮೀಸೆಯ ಬಗ್ಗೆ ನಗಬೇಡಿಗೂ ಧೈರ್ಯ ಬಂತು. ಕಷ್ಟವೆಂದರೆ, ಮಗನ ಒದೆತ, ಬೆವರು, ಮಧ್ಯಾಹ್ನದ ಸೂಪು ಎಲ್ಲ ಸೇರಿ ಅಂಟು ಪಟ್ಟಿ ಸಡಿಲವಾಗಿತ್ತು. ಮಾತಾಡಿದರೆ ಮೀಸೆ ಬಾಗಿಲ ಪರದೆಯ ಹಾಗೆ ಆಡುತ್ತಿತ್ತು. ದೋಣಿಕಟ್ಟೆಗೆ ಬಂದಾಗ ಗಾಳಿಗೆ ಅದು ಹಾರಿಯೇ ಹೋಯಿತು. ಅದರ ಹಿಂದೆ ಐವತ್ತು ಗಜ ಓಡಿ, ನಾಯಿಯೊಂದು ಮೂಸಿ ನೋಡುತ್ತಿದ್ದದ್ದನ್ನು ನಗಬೇಡಿ ಬಿಡಿಸಿಕೊಂಡು ತಂದ. ಅವನು ತಿರುಗಿ ಬರುವಷ್ಟರಲ್ಲಿ ಮೂರು ಗಂಟೆಯ ದೋಣಿ ಹೋಗಿತ್ತು. ಅದೇ ಆ ದಿನದ ಕೊನೆಯ ದೋಣಿ. ಹೆಂಡತಿ ಟೊಪ್ಪಿಯನ್ನು ತೆಗೆದು ತಳ್ಳುಗಾಡಿಯ ಕೆಳಗಿನ ಚೀಲಕ್ಕೆ ತುರುಕಿದಳು.

"ನಿಮ್ಮ ಮೀಸೆಗೋಸ್ಕರ," ಎಂದಳು. ಗೋಪುರದ ತುದಿ ಕಂಡಾಗಿನಿಂದ ಅವಳು ಅವನೊಂದಿಗೆ ಆಡಿದ ಮೊದಲನೆಯ ಮಾತು ಅದು.

ಸಾಮಾನು ತೆಗೆದುಕೊಳ್ಳಲು ಹೋಟೆಲಿಗೆ ಹೋದಾಗ ಭಾವ ಅಲ್ಲಿಯ ರಿಪೇರಿಯವನನ್ನು ಹುಡುಕಿಕೊಂಡು ಹೋಗಿ ಒಂದು ಅಂಟಿನ ಟ್ಯೂಬು ತಂದರು. ಅದರ ಮೇಲೆ ಬರೆದದ್ದು ಯಾರಿಗೂ ಓದಲು ಬರಲಿಲ್ಲ, ಚಿತ್ರವೊಂದಿತ್ತು. ಅದು ಚಪ್ಪಲಿಯ ಅಟ್ಟೆಯಂತೆ ಕಾಣುತ್ತದಲ್ಲ ಎಂದು ಅತ್ತಿಗೆ ಮೆಲ್ಲಗೆ ಹೇಳಿದರು. ಮೂವತ್ತು ವರ್ಷದಲ್ಲಿ ಅವರು ಎತ್ತಿದ ಮೊದಲ ಆಕ್ಷೇಪಣೆ ಅದು ಇದ್ದೀತು.

"ಚಪ್ಪಲೀನೇ ತಡೆಯುತ್ತೆ ಅಂದ್ಮೇಲೆ ಮೀಸೆ ಯಾವ ಲೆಕ್ಕ," ಎಂದು ಭಾವ ಧಾರಾಳವಾಗಿ ಹಚ್ಚಿ ಒತ್ತಿ ಹಿಡಿದರು. ಮೇಲ್ದುಟಿ ಬಿಸಿಯಾಗಿ, ಆಮೇಲೆ ಜುಮುಗುಟ್ಟಿ, ಆಮೇಲೆ ಅದಕ್ಕೆ ಏನೂ ಅನ್ನಿಸದಂತಾಯಿತು.

ವಿಮಾನ ನಿಲ್ದಾಣದಲ್ಲಿ ಮೊದಲ ಕೌಂಟರು ಸಲೀಸಾಗಿ ದಾಟಿತು. ಸಾಮಾನು ತೂಗುವ ಹುಡುಗಿ ಹೆಸರು ನೋಡಿದಳೇ ಹೊರತು ಮುಖ ನೋಡಲಿಲ್ಲ. ಹೆಂಡತಿ ಎಲ್ಲರ ಪಾಸ್‌ಪೋರ್ಟನ್ನೂ ತನ್ನ ಕೈಚೀಲದಲ್ಲಿ ಹಾಕಿಕೊಂಡು ಮಕ್ಕಳನ್ನು ಬಚ್ಚಲುಮನೆಗೆ ಕರೆದುಕೊಂಡು ಹೋಗಿಬಂದಳು. ಮಗ ಅತ್ತು ಸುಸ್ತಾಗಿ, ಈ ಹೊಸ ಮನುಷ್ಯನೇ ಇರಲಿ ಎಂದು ರಾಜಿಯಾದವನಂತೆ ನಗಬೇಡಿಯ ಹೆಗಲಿಗೆ ಒರಗಿದ್ದ. ಭಾವ ಮತ್ತು ಅತ್ತಿಗೆ ಮುಂದಿನ ಸಾಲಿನಲ್ಲಿ ನಿಂತು, ಗಡಿ ತಪಾಸಣೆ ಮುಗಿಸಿ, ಗೆರೆಯ ಆಚೆ ಹೋಗಿ ನಿಂತರು. ಅಲ್ಲಿಂದ ಭಾವ ಹೆಬ್ಬೆರಳೆತ್ತಿ ಧೈರ್ಯ ಹೇಳಿದರು.

ಗಾಜಿನ ಹಿಂದೆ ದಪ್ಪ ಕನ್ನಡಕದ ಅಧಿಕಾರಿ ಕೂತಿದ್ದ. ಹೆಂಡತಿಯದು, ಮಕ್ಕಳದು ಒಂದೊಂದಾಗಿ ನೋಡಿ ಮುದ್ರೆ ಒತ್ತಿದ. ನಗಬೇಡಿಯದನ್ನು ತೆರೆದ. ನೋಡಿದ. ತಲೆಯೆತ್ತಿದ. ನಗಬೇಡಿ ಕಲಿತ ಅಭ್ಯಾಸದಂತೆ ಗದ್ದ ಇಳಿಸಿ, ತುಟಿ ಬಿಗಿದು, ಫೋಟೋದಲ್ಲಿದ್ದ ಹಾಗೆಯೇ ನಿಂತ. ಉದ್ದದ ಬಲಮೀಸೆ ಕಿವಿಯ ಹತ್ತಿರ ಹೆಮ್ಮೆಯಿಂದ ಸುರುಳಿ ಸುತ್ತಿ ನಿಂತಿತ್ತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಈ ಮೀಸೆ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದ.

ಫೋಟೋದಲ್ಲಿರುವುದೇ ಇದು ಎಂದು ನಗಬೇಡಿ ವಿನಯದಿಂದ ಉತ್ತರ ಕೊಟ್ಟ.

ಅಧಿಕಾರಿ ಪಾಸ್‌ಪೋರ್ಟನ್ನು ಅವನ ಕಡೆಗೆ ತಿರುಗಿಸಿದ. ಫೋಟೋದಲ್ಲಿ ಮೀಸೆಯಿರಲಿಲ್ಲ. ಒಂದು ಚುಕ್ಕೆ ಕೂಡ ಇರಲಿಲ್ಲ. ನುಣ್ಣಗೆ ಬೋಳಿಸಿದ ಮುಖ ಮೊದಲಿಗಿಂತ ಹೊಳೆಯುತ್ತಿತ್ತು. ಹಾಳೆಯಿಂದ ಗುಲಾಬಿಯ ವಾಸನೆ ಬರುತ್ತಿತ್ತು.

ನಗಬೇಡಿ ಹೆಂಡತಿಯ ಕಡೆ ನೋಡಿದ. ಹೆಂಡತಿ ಮಗಳ ಕಡೆ ನೋಡಿದಳು. ಮಗಳು ಕಾಲ ತುದಿಯಲ್ಲಿ ನಿಂತು ಕೌಂಟರಿನ ಮೇಲಿಂದ ಇಣುಕಿ, ತನ್ನ ಕೆಲಸ ಎಲ್ಲರಿಗೂ ಕಾಣಿಸಿತೆಂದು ತೃಪ್ತಿಪಟ್ಟುಕೊಂಡಳು.

"ನಾನೇ ಒರೆಸ್ದೆ," ಎಂದಳು. "ಅಮ್ಮ ತಮ್ಮನಿಗೆ ಚಡ್ಡಿ ಹಾಕ್ತಿದ್ಲಲ್ಲ, ಆವಾಗ. ತಮ್ಮನಿಗೆ ಒರೆಸೋ ಒದ್ದೆ ಟಿಶ್ಯೂಲಿ. ಒಂದೇ ಸಲಕ್ಕೆ ಹೋಗ್ಬಿಡ್ತು. ಇನ್ನು ನಿನ್ನ ಜೈಲಿಗೆ ಹಾಕಲ್ಲ, ಅಲ್ವಾ ಅಪ್ಪ?"

ನಗಬೇಡಿ ಅವಳ ತಲೆಯ ಮೇಲೆ ಕೈಯಿಟ್ಟ.

ಅಧಿಕಾರಿ ಮೀಸೆ ತೆಗೆಯಲು ಹೇಳಿದ. ನಗಬೇಡಿ ಎಳೆದ. ಮೀಸೆಯ ಜೊತೆ ತುಟಿ ಬಂತು, ತುಟಿಯ ಜೊತೆ ಮೂಗು ಬಂತು, ಮುಖವೆಲ್ಲ ಮುಂದಕ್ಕೆ ಬಂತು, ಮೀಸೆ ಮಾತ್ರ ಬರಲಿಲ್ಲ. ಹಿಂದಿನ ಸಾಲಿನವರು ಕತ್ತು ಚಾಚಿದರು. ಗೆರೆಯ ಆಚೆ ಭಾವ ಬೆಂಕಿ ಆರಿಸುವ ಉಪಕರಣದ ಮೇಲಿನ ಸೂಚನೆಗಳನ್ನು ಬಹಳ ಗಮನವಿಟ್ಟು ಓದುತ್ತಿದ್ದರು. ಅತ್ತಿಗೆಯೊಬ್ಬರೇ ಪಾಪ ಕೈಬೀಸುತ್ತಿದ್ದರು.

ವೇಷ ಮರೆಸಿಕೊಂಡು ಗಡಿ ದಾಟಲು ಬಂದವರನ್ನು ಕೂರಿಸುವ ಕೋಣೆ ಬೇರೆಯೇ ಇತ್ತು. ಅಲ್ಲಿ ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಕ್ಯಾಮರಾ. ಫೋಟೋದಲ್ಲಿ ಮೀಸೆ ಇತ್ತು, ಅದಕ್ಕಾಗಿ ಅಂಟಿಸಿಕೊಂಡೆ, ಈಗ ಫೋಟೋದಲ್ಲಿ ಇಲ್ಲ ಎಂದು ನಗಬೇಡಿ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಮೂರು ಸಲ ವಿವರಿಸಿದ. ಮೂರನೆಯ ಸಲಕ್ಕೆ ಅವನಿಗೇ ಅದು ನಂಬುವ ಮಾತಾಗಿ ಕಾಣಲಿಲ್ಲ. ಬೆರಳಚ್ಚು ತೆಗೆದರು. ಅದು ಸರಿಹೋಯಿತು. ಮನುಷ್ಯ ಅವನೇ ಎಂದು ಒಪ್ಪಿಕೊಂಡರು. ಆದರೂ ಪ್ರಕರಣ ದಾಖಲಾಗಬೇಕಿತ್ತು. ಇದ್ದದ್ದು ಇದ್ದ ಹಾಗೇ ದಾಖಲಾಗಬೇಕು ಎನ್ನುವುದು ಅಲ್ಲಿಯ ನಿಯಮ. ಆದ್ದರಿಂದ ಮೀಸೆ ಸಮೇತ ಅವನ ಒಂದು ಫೋಟೋ ತೆಗೆದರು. ಆಮೇಲೆ ಪಕ್ಕದ ಕೋಣೆಯ ನರ್ಸಮ್ಮನನ್ನು ಕರೆದು ಒಪ್ಪಿಸಿದರು.

ನರ್ಸಮ್ಮ ಎಣ್ಣೆ ಹಚ್ಚಿ, ಹತ್ತಿಯಿಂದ ತಿಕ್ಕಿ, ಚಿಮುಟದಿಂದ ಒಂದೊಂದೇ ಎಳೆ ಬಿಡಿಸಿ, ಮುಕ್ಕಾಲು ಗಂಟೆಯಲ್ಲಿ ಮೀಸೆಯನ್ನು ಇಡಿಯಾಗಿ ಎತ್ತಿದಳು. ಬಾಣಂತಿಗೆ ಮಗು ತೋರಿಸುವಂತೆ ಅದನ್ನು ಎತ್ತಿ ತೋರಿಸಿ, ಕಾಲಿನ ಬಳಿಯಿದ್ದ ಬುಟ್ಟಿಗೆ ಹಾಕಿದಳು. ಮೇಲ್ದುಟಿ ಊದಿಕೊಂಡು ಕೆಂಪಗಾಗಿತ್ತು, ಆದರೆ ಅದು ಅವನದೇ ತುಟಿ. ನಗಬೇಡಿ ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ಮಗ ಅವನನ್ನು ನೋಡಿ "ಅಪ್ಪ ಬಂದ" ಎಂದು ಓಡಿ ಬಂದು ಕಾಲು ತಬ್ಬಿಕೊಂಡ. ಆ ದಿನ ನಡೆದ ಒಂದೇ ಒಂದು ಒಳ್ಳೆಯ ಸಂಗತಿ ಎಂದರೆ ಅದು.

ವಿಮಾನದ ಬಾಗಿಲು ಹಾಕಿಯಾಗಿತ್ತು. ಅವರ ನಾಲ್ವರ ಪೆಟ್ಟಿಗೆಗಳನ್ನೂ ಇಳಿಸಿದ್ದರು. ನಗಬೇಡಿ ಶಾಲೆಗೆ ಸಂದೇಶ ಕಳಿಸಿದ. ಎರಡೇ ನಿಮಿಷದಲ್ಲಿ ಹೆಡ್‌ಮೇಡಮ್ಮಿನಿಂದ ಉತ್ತರ ಬಂತು. ಚಿಂತೆ ಬೇಡ, ಬಸ್ ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಸ್ಟುಡಿಯೋದವರು ಒಪ್ಪಿಕೊಂಡಿದ್ದಾರೆ, ಅವರು ಮಕ್ಕಳನ್ನು ನಗಿಸಿ ಫೋಟೋ ತೆಗೆಯುತ್ತಾರಂತೆ, ಪ್ರವಾಸ ಚೆನ್ನಾಗಿ ಮುಗಿಸಿ ಬನ್ನಿ. ಅದನ್ನು ಓದಿ ಅವನು ಹೆಂಡತಿಗೆ ತೋರಿಸಿದ. ಅವಳು ಓದಿ, ತಳ್ಳುಗಾಡಿಯ ಕೆಳಗಿನ ಚೀಲದಿಂದ ಬ್ರೆಡ್ಡಿನ ಪೊಟ್ಟಣ ತೆಗೆದು, ಅವನಿಗೆ ಒಂದು ಚೂರು ಕೊಟ್ಟಳು.

ಆಗ ಕನ್ನಡಕದ ಅಧಿಕಾರಿ ಬಂದು ಪಾಸ್‌ಪೋರ್ಟಿನ ಜೊತೆ ಒಂದು ಕಾಗದ ಕೊಟ್ಟ. ನಾಳೆ ಸಂಜೆಯ ವಿಮಾನಕ್ಕೆ ಬರುವಾಗ ಇದನ್ನು ತರಬೇಕು, ಕೌಂಟರಿನಲ್ಲಿ ಕೂತವರು ಇದನ್ನು ನೋಡಿಯೇ ಬಿಡುತ್ತಾರೆ, ಇದಿಲ್ಲದೆ ಬಿಡುವುದಿಲ್ಲ ಎಂದು ಹೇಳಿ ಹೋದ. ಅವನ ಬೆನ್ನು ಮರೆಯಾಗುವ ಮೊದಲೇ ಭಾವನ ಫೋನು ಬಂತು. ವಿಮಾನದೊಳಗಿಂದ ಮಾತಾಡುತ್ತಿದ್ದರು.

"ಜೈಲಿಗೆ ಹಾಕ್ಲಿಲ್ಲ ತಾನೆ? ನಾನು ಹೇಳಿರ್ಲಿಲ್ವಾ. ಈಗ ಏನಂತಾರೆ?"

ನಗಬೇಡಿ ಕಾಗದದ ಸಂಗತಿ ಹೇಳಿದ. ಆ ಕಡೆ ಭಾವನ ದನಿ ಕಚೇರಿಯ ದನಿಯಾಯಿತು.

"ಅದರಲ್ಲಿ ಫೋಟೋ ಇದೆಯಾ?"

"ಇದೆ."

"ಮೀಸೆ ಸಮೇತ?"

ನಗಬೇಡಿ ಕಾಗದವನ್ನು ಬಿಡಿಸಿ ನೋಡಿದ. "ಸಮೇತ."

"ಈಗ ಮುಖದ ಮೇಲೆ?"

"ಇಲ್ಲ ಭಾವ."

ಆ ಕಡೆ ಸೊಂಟದ ಪಟ್ಟಿ ಕಟ್ಟಿಕೊಳ್ಳಿ ಎಂದು ಯಾರೋ ಹೇಳುತ್ತಿರುವುದು ಕೇಳಿಸಿತು. ಭಾವ ಕಣ್ಣು ಮುಚ್ಚಿ ಕೂತಿದ್ದಾರೆಂದು ನಗಬೇಡಿಗೆ ಕಾಣದೆಯೂ ಗೊತ್ತಾಯಿತು.

"ಆ ಮೀಸೆ ಎಲ್ಲಿಟ್ಟಿದ್ದೀರಿ?"

"ನರ್ಸಮ್ಮ ಕಸದ ಬುಟ್ಟಿಗೆ ಹಾಕಿದ್ರು."

"ಗಾಬರಿ ಆಗಬೇಡಿ. ಬುಟ್ಟಿ ಖಾಲಿ ಮಾಡೋರು ಬರೋದ್ರೊಳಗೆ..." ಎನ್ನುತ್ತಿದ್ದಂತೆ ಫೋನು ಕಡಿದುಹೋಯಿತು.

ಅಣ್ಣ ಏನಂದ ಎಂದು ಹೆಂಡತಿ ಕೇಳಿದಳು. ನಗಬೇಡಿ ಬಾಯಲ್ಲಿದ್ದ ಬ್ರೆಡ್ಡನ್ನು ನಿಧಾನವಾಗಿ ಅಗಿದು ನುಂಗಿದ. ಕಾಲು ತಬ್ಬಿಕೊಂಡು ನಿಂತಿದ್ದ ಮಗನನ್ನು ಬಿಡಿಸಿ ಅವಳ ತೊಡೆಯ ಮೇಲೆ ಕೂರಿಸಿದ. ಆಮೇಲೆ ಎದ್ದು, ಅಂಗಿ ಸರಿಮಾಡಿಕೊಂಡು, ಹೋಗಿ ನರ್ಸಮ್ಮನ ಕೋಣೆಯ ಬಾಗಿಲು ತಟ್ಟಿದ.